ಫೋಟೋ ಆದ ಮೇಲಿನ ಮುಖ

ಆ ದಿನ ಬೆಳಿಗ್ಗೆ ನನ್ನ ಹೆಂಡತಿ ಪಡಸಾಲೆಯಲ್ಲಿ ಕುಳಿತು ಅಕ್ಕಿ ಹಸನು ಮಾಡುತ್ತಾ ಲಿಂಗಸುಗೂರಿನ ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಫೋನು ಮೊರದ ಪಕ್ಕದಲ್ಲಿ ನೆಲದ ಮೇಲಿತ್ತು, ತಂಗಿಯ ದನಿ ಮನೆ ತುಂಬಾ ಕೇಳುತ್ತಿತ್ತು. ತನ್ನ ಗಂಡ ಕೂದಲಿಗೆ ಬಣ್ಣ ಹಚ್ಚಿಕೊಳ್ಳಲು ಹೋಗಿ ಹಣೆಯನ್ನೂ ಕಪ್ಪು ಮಾಡಿಕೊಂಡ ಸುದ್ದಿ ಹೇಳುತ್ತಿದ್ದಳು.

"ಹಣಿ ಎಲ್ಲಿ ಮುಗೀತು, ಕೂದ್ಲ ಎಲ್ಲಿ ಸುರು ಆತು, ತಿಳೀವಲ್ದು ಯಕ್ಕಾ!"

ನನ್ನ ಹೆಂಡತಿ ನಕ್ಕ ರಭಸಕ್ಕೆ ಮೊರದಿಂದ ಅಕ್ಕಿ ಚೆಲ್ಲಿತು. ನಾನು ಮಿಲ್ಲಿಗೆ ಹೊರಟಿದ್ದೆ. "ನಿಮ್ಮ ತಲಿಗೂ ಹಚ್ಚಲೇನ್ರೀ?" ಎಂದಳು. ಮರುದಿನ ನಸುಕಿನಲ್ಲಿ ಎದೆ ಹಿಡಿದುಕೊಂಡು ಕುಸಿದಳು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಳು.

ಪೂಜೆಗೆ ಫೋಟೋ ಬೇಕಾಯಿತು. ಸಿಂಧನೂರಿನ ಸ್ಟುಡಿಯೋದವನ ಕೈಗೆ ಮೊಬೈಲ್ ಕೊಟ್ಟೆ. ಅವನು ಒಂದೊಂದೇ ಸರಿಸಿ ನೋಡಿದ. ಮನೆಯ ಮುಂದೆ, ಮದುವೆಯಲ್ಲಿ, ಗುಡಿಯ ಮೆಟ್ಟಿಲ ಮೇಲೆ, ಎಲ್ಲ ಕಡೆಯೂ ಅವಳು ಕೈ ಇಳಿಬಿಟ್ಟು, ತುಟಿ ಬಿಗಿಹಿಡಿದು ನಿಂತಿದ್ದಳು.

"ಎಲ್ಲಾ ಒಂದಽ ನಮೂನಿ ಅದಾವಲ್ರೀ ಕಾಕಾ."

"ನಕ್ಕಿದ್ದು ಒಂದರ ಸಿಗತೈತೇನು ನೋಡಪಾ."

"ಹಾರ ಹಾಕೋ ಫೋಟೋಕ್ಕ ನಕ್ಕಿದ್ದು ಯಾರೂ ಕೇಳಂಗಿಲ್ರೀ," ಎಂದು ಅವನು ಇದ್ದುದರಲ್ಲೇ ಒಂದನ್ನು ಆರಿಸಿ, ಹಿಂದೆ ನೀಲಿ ಬಣ್ಣ ತುಂಬಿ ಕೊಟ್ಟ. ಗೋಡೆಯ ಮೇಲೆ ತೂಗುಹಾಕಿದೆವು. ಆ ಹೆಂಗಸು ನನ್ನ ಜೊತೆ ಸಂಸಾರ ಮಾಡಿದವಳ ಹಾಗೆ ಕಾಣಲಿಲ್ಲ. ನಗುವ ಅವಳನ್ನು ಎಲ್ಲಾದರೂ ಹುಡುಕಬೇಕು ಎಂದುಕೊಂಡೆ. ಜೊತೆಗೇ ಇನ್ನೊಂದು ಪ್ರಶ್ನೆಯೂ ಹತ್ತಿಕೊಂಡಿತು. ಕ್ಯಾಮೆರಾ ಕಂಡೊಡನೆ ಮುಖ ಎಲ್ಲಿಗೆ ಹೋಗುತ್ತದೆ? ಎಲ್ಲರದೂ ಹೀಗೇ ಹೋಗುತ್ತದೆಯೆ?

ನನ್ನ ಕೆಲಸ ಮಿಲ್ಲಿನ ಲಾರಿ ಕಾಟಾದಲ್ಲಿ ತೂಕ ಬರೆಯುವುದು. ಕಿಟಕಿಯ ಪಕ್ಕದಲ್ಲೇ ಕೂರುತ್ತೇನೆ. ಅಲ್ಲಿಂದ ಮೊಬೈಲಿನಲ್ಲಿ ಜನರ ಫೋಟೋ ತೆಗೆಯತೊಡಗಿದೆ. ಕೇಳಿ ತೆಗೆದರೆ ಗಂಡಸರು ಮೊದಲು ಎತ್ತಿ ಕಟ್ಟಿದ ಲುಂಗಿ ಇಳಿಸುತ್ತಿದ್ದರು, ಆಮೇಲೆ ಉಸಿರು ಹಿಡಿಯುತ್ತಿದ್ದರು. ಕೇಳದೆ ತೆಗೆದರೆ ಬೇರೆಯೇ ಜನ. ಫೋನಿನಲ್ಲಿ ಮಾತಾಡುವ ಡ್ರೈವರ್, ಆ ಕಡೆಯವನಿಗೆ ಕಾಣುತ್ತದೆ ಎನ್ನುವ ಹಾಗೆ ಕೈ ಮಾಡಿ ದಾರಿ ತೋರಿಸುತ್ತಾನೆ. ನಿರಾಶ್ರಿತರ ಆರ್.ಎಚ್. ಕ್ಯಾಂಪಿನಿಂದ ಮೀನು ಮಾರಲು ಬರುವ ಬಂಗಾಲಿ ಅಜ್ಜಿ ತಕ್ಕಡಿ ಹಿಡಿದಾಗ ನಾಲಿಗೆಯ ತುದಿ ಹೊರಗೆ ಬರುತ್ತದೆ. ಬಸ್ ನಿಲ್ದಾಣದಲ್ಲಿ ಹಾರ್ನ್ ಕೇಳಿದರೆ ಜಗಳವಾಡುತ್ತಿದ್ದವರೂ ಒಟ್ಟಿಗೇ ಕತ್ತು ಚಾಚುತ್ತಾರೆ. ತೆಗೆದ ಮೇಲೆ ಆದಷ್ಟು ಅವರಿಗೇ ತೋರಿಸುತ್ತಿದ್ದೆ. ಬೇಡ ಎಂದವರದು ಅಳಿಸುತ್ತಿದ್ದೆ. ಚೀಲಕ್ಕೆ ಒರಗಿ ಬೀಡಿ ಸೇದುತ್ತಿದ್ದ ಹಮಾಲಿಯೊಬ್ಬ ತನ್ನದನ್ನು ಬಹಳ ಹೊತ್ತು ನೋಡಿದ. "ಇದು ನಾನಽ ಏನ್ರೀ? ನಮ್ಮಪ್ಪ ಕುಂತಂಗ ಕಾಣಾಕತ್ತೈತಲ್ರೀ!"

ಒಂದು ದಿನ ಮಸ್ಕಿಯಲ್ಲಿ ಕೆಲಸ ಮುಗಿಸಿ ನಮ್ಮ ಅಣ್ಣನನ್ನು ನೋಡಲು ಸಂತೆಕಲ್ಲೂರಿಗೆ ಹೋಗಿದ್ದೆ. ಊರ ಹೊರಗೆ ಹೆಂಗಸರು ಉದ್ಯೋಗ ಖಾತ್ರಿಯ ಕೆಲಸದಲ್ಲಿ ಕೆರೆಯ ಹೂಳು ತೆಗೆಯುತ್ತಿದ್ದರು. ಬುಟ್ಟಿ ಕೈಯಿಂದ ಕೈಗೆ ಹೋಗುವುದು ಚೆಂದ ಕಂಡು ರಸ್ತೆಯ ಮೇಲಿಂದಲೇ ಮೊಬೈಲ್ ಎತ್ತಿದೆ. ಎಲ್ಲರೂ ಬುಟ್ಟಿ ಕೆಳಗಿಟ್ಟು ಸಾಲಾಗಿ ನಿಂತುಬಿಟ್ಟರು, ನನ್ನ ಫೋಟೋದಲ್ಲಿ ಬಿದ್ದದ್ದೂ ಆ ಸಾಲೇ! ಆ ಕೆಲಸಕ್ಕೆ ದಿನಾ ಫೋಟೋ ತೆಗೆದು ಕಳಿಸಬೇಕು, ಅದೇ ಹಾಜರಿ. ನನ್ನನ್ನು ಹಾಜರಿಗೆ ಬಂದವನು ಎಂದು ತಿಳಿದಿದ್ದರು.

"ಏ, ಹಿಂದಿನಾಕಿ ಮುಂದ ಬಾರಬೇ, ಮುಖ ಬೀಳಲಿಲ್ಲಂದ್ರ ಹಾಜರಿ ಹೋಗತೈತಿ!" ಎಂದು ಮುದುಕಿಯೊಬ್ಬಳು ಸಾಲು ಸರಿಪಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಮುಂಜಾನೆ ಒಮ್ಮೆ ಆತಲ್ರೀ ಸಾಹೇಬ್ರ?" ಎಂದಳು.

"ನಾ ಸಾಹೇಬ ಅಲ್ಲವ್ವಾ. ಮಿಲ್ಲಿನ್ಯಾಗ ತೂಕ ಬರಿಯಾಂವ."

"ಮತ್ತ ನಮ್ಮನ್ನ ಯಾಕ ನಿಂದ್ರಿಸಿದಿ?"

"ನಾ ಎಲ್ಲಿ ನಿಂದ್ರಿಸಿದೆ? ನೀವಽ ನಿಂತ್ರಿ."

"ತೂಕ ಮಾಡಾಂವ ಬಂದಾನ್ರೇ," ಎಂದು ಮುದುಕಿ ಪಕ್ಕದ ದಪ್ಪನೆಯವಳನ್ನು ಮುಂದೆ ತಳ್ಳಿದಳು. "ಮೊದಲ ಈಕಿನ್ನ ಹಾಕಪಾ ಕಾಟಾಕ್ಕ!"

ಸಾಲು ಒಡೆದುಹೋಯಿತು. ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನನ್ನ ಬೆರಳು ಮತ್ತೊಮ್ಮೆ ಒತ್ತಿಯಾಗಿತ್ತು. ಕೆಳಗಿಳಿದು ತೋರಿಸಿ, ಇಟ್ಟುಕೊಳ್ಳಲೇ ಎಂದು ಕೇಳಿದೆ. "ಇಟ್ಕೋ. ಹಲ್ಲಿಲ್ಲದ್ದು ಕಂಡ್ರ ಕಾಣ್ಲಿ ತಗೋ," ಎಂದಳು ಮುದುಕಿ.

ಬಸ್ಸಿನಲ್ಲಿ ಆ ಎರಡು ಫೋಟೋಗಳನ್ನು ಹಿಂದೆಮುಂದೆ ಸರಿಸಿ ನೋಡುತ್ತಾ ಬಂದೆ. ಒಂದರಲ್ಲಿ ಹಾಜರಿ, ಇನ್ನೊಂದರಲ್ಲಿ ಜನ. ಫೋಟೋ ಮುಗಿಯಿತು ಎಂದುಕೊಂಡ ಕೂಡಲೇ ಮುಖ ಮರಳಿ ಬರುತ್ತದೆ. ಹಾಗಾದರೆ ಅವಳದೂ ಬಂದಿರಬೇಕು. ಆಗಲೂ ಓಡುತ್ತಿದ್ದ ಕ್ಯಾಮೆರಾ ಯಾವುದಾದರೂ ಇತ್ತೆ?

ಇತ್ತು. ಅವಳ ತಂಗಿಯ ಮಗಳ ಮದುವೆ ಲಿಂಗಸುಗೂರಿನಲ್ಲಿ ಆಗಿತ್ತು, ವಿಡಿಯೋ ಮಾಡಿಸಿದ್ದರು. ಮುಂದಿನ ರಜೆಯಲ್ಲಿ ಆ ವಿಡಿಯೋದವನ ಅಂಗಡಿಗೆ ಹೋಗಿ, ಕತ್ತರಿಸದೆ ಇರುವುದು ಇದೆಯೇ ಎಂದು ಕೇಳಿದೆ.

"ಅದರಾಗ ಏನೈತ್ರೀ? ಬರೇ ಮಂದಿ ಸ್ಟೇಜ್ ಏರೂದು, ಇಳಿಯೂದು."

"ನನಗ ಇಳಿಯೂದಽ ಬೇಕಾಗೇತಿ."

ಅವನು ಹುಡುಕಿ ಹಾಕಿದ. ಮನೆತನದ ಮೇಲೆ ಮನೆತನ ಹತ್ತಿ, ಬಿಗಿದುಕೊಂಡು ನಿಂತು, ಇಳಿದುಹೋದವು. ನಾವು ಬಂದೆವು. ಅವಳು ಗೋಡೆಯ ಮೇಲಿರುವ ಹಾಗೆಯೇ ನಿಂತಳು. ಪಕ್ಕದಲ್ಲಿ ನಾನೂ ಹಾಗೆಯೇ ನಿಂತಿದ್ದೆ. ಅದನ್ನು ನಾನು ಆವರೆಗೆ ನೋಡಿರಲಿಲ್ಲ. ಬೆಳಕು ಮಿಂಚಿತು. ಅವಳು ತಂಗಿಯ ಕಡೆ ತಿರುಗಿದಳು, ತಂಗಿ ಕಿವಿಯಲ್ಲಿ ಏನೋ ಹೇಳಿದಳು. ಹೆಂಡತಿಯ ಹೆಗಲು ಅಲುಗತೊಡಗಿತು. ಅವಳು ಬಾಗಿ, ಬಾಯಿಗೆ ಕೈ ಅಡ್ಡ ಹಿಡಿದಳು. ಅಷ್ಟರಲ್ಲಿ ರುಮಾಲು ಸುತ್ತಿದ ಯಜಮಾನರೊಬ್ಬರು ಸ್ಟೇಜ್ ಹತ್ತಿ ನಡುವೆ ಬಂದರು. ಅವರು ಸರಿದಾಗ ಅವಳು ಇಳಿದುಹೋಗಿದ್ದಳು. ಮತ್ತೆ ಮತ್ತೆ ಹಾಕಿಸಿ ನೋಡಿದೆ. ಬ್ಯಾಂಡಿನ ಸದ್ದಿನಲ್ಲಿ ದನಿಯೂ ಕೇಳಲಿಲ್ಲ.

ತಂಗಿಗೆ ಫೋನ್ ಮಾಡಿ, ಆಗ ಅಕ್ಕನ ಕಿವಿಯಲ್ಲಿ ನೀನು ಏನು ಹೇಳಿದ್ದೆ ಎಂದು ಕೇಳಿದೆ.

"ನೆಪ್ಪಿಲ್ರೀ ಮಾವಾರ. ಅಕ್ಕಗ ಏನ್ ಹೇಳಿದ್ರೂ ನಗ್ತಿದ್ಲಲ್ರೀ."

ಆ ತುಣುಕು ಈಗ ನನ್ನ ಮೊಬೈಲಿನಲ್ಲಿದೆ. ಅಲುಗುವ ಹೆಗಲು ಇದೆ, ಬಾಗಿದ ಬೆನ್ನು ಇದೆ, ಹಸಿರು ಬಳೆಯ ಕೈ ಇದೆ. ನಗುವ ಮುಖ ಇನ್ನೂ ಸಿಕ್ಕಿಲ್ಲ.