ದುಬೈಗೆ ಹೊರಟ ಕೌದಿ

ಗದಗ ಹೊಸದಾಗಿ ಜಿಲ್ಲೆಯಾಗಿದ್ದ ದಿನಗಳವು. ಊರಿನ ಒಂದು ಕೊರಿಯರ್ ಅಂಗಡಿಗೆ ಪಾರ್ಸೆಲ್ ವಿಳಾಸ ಬರೆದುಕೊಳ್ಳುವ ಕಂಪ್ಯೂಟರ್ ಪ್ರೋಗ್ರಾಂ ಮಾಡಿಕೊಟ್ಟಿದ್ದೆ. ಪಿನ್‌ಕೋಡ್ ಆರು ಅಂಕಿ ಇರಲೇಬೇಕು. ಒಂದು ಕಡಿಮೆಯಾದರೂ ಚೀಟಿ ಹೊರಬರುವುದಿಲ್ಲ. ಅಂಥ ಬಿಗಿ ಕೆಲಸ ಜಿಲ್ಲೆಯಲ್ಲಿ ನನಗೊಬ್ಬನಿಗೇ ಬರುತ್ತದೆ ಎಂಬ ಜಂಬ ನನಗಿತ್ತು.

ಒಂದು ಮಧ್ಯಾಹ್ನ ನಾನು ಅಲ್ಲಿದ್ದಾಗಲೇ ಲಕ್ಷ್ಮೇಶ್ವರದಿಂದ ಹೊಲಿಗೆ ಕೆಲಸದ ಹೆಂಗಸೊಬ್ಬರು ಬಂದರು. ಕಂಕುಳಲ್ಲಿ ಒಂದು ಗಂಟು. ದುಬೈಯಲ್ಲಿದ್ದ ಮಗಳ ಚೊಚ್ಚಲ ಕೂಸಿಗೆಂದು ತಮ್ಮ ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ಅದು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ತವರಿನ ಕೌದಿ ಹಾಸಬೇಕೆಂಬುದು ಅವರ ಮನೆಯ ಪದ್ಧತಿ. ಹತ್ತು ದಿನದ ಹಿಂದೆ ಇಲ್ಲಿಂದ ಕಳಿಸಿದ್ದು ತಿರುಗಿ ಅವರ ಬಾಗಿಲಿಗೇ ಬಂದಿತ್ತು. ತೊಟ್ಟಿಲಿಗೆ ಇನ್ನು ಐದೇ ದಿನ.

ಚೀಟಿ ನೋಡಿದೆ. ದುಬೈ ವಿಳಾಸದ ಕೆಳಗೆ ಲಕ್ಷ್ಮೇಶ್ವರದ ಪಿನ್‌ಕೋಡ್! ಬೆಂಗಳೂರಿನಲ್ಲಿ ವಿಂಗಡಿಸುವವರು ಅಂಕಿ ನೋಡಿ ಹಿಂದಕ್ಕೆ ಕಳಿಸಿದ್ದರು. ಕೌಂಟರಿನಾಕೆಯ ಮೇಲೆ ರೇಗಿದೆ.

"ನಿದ್ದಿಗಣ್ಣಾಗ ಬರದೀರೇನ್ರಿ?"

"ದುಬೈದಾಗ ಪಿನ್‌ಕೋಡ್ ಇಲ್ಲಂತ್ರಿ ಸರ್. ಖಾಲಿ ಬಿಟ್ರ ನಿಮ್ಮ ಪ್ರೋಗ್ರಾಂ ಮುಂದ ಹೋಗವಲ್ದು. ಇವರ ಊರಿಂದು ಹಾಕಿದೆ, ಹೋತು. ಖರೆ ಹೇಳಿದ್ರ ತಡೀತೈತಿ, ಸುಳ್ಳ ಹೇಳಿದ್ರ ಬಿಡತೈತಿ. ನಾ ಏನ್ ಮಾಡ್ಲಿ?"

ನಾಚಿಕೆಯಾಯಿತು. ಲೋಕವೆಲ್ಲ ಪಕ್ಕದೂರು ಹುಲಕೋಟಿಗೇ ಮುಗಿಯುತ್ತದೆ ಎಂಬಂತೆ ನಿಯಮ ಬರೆದಿದ್ದೆ. ಆದರೆ ಕುಣಿಯಲಾರದೆ ನೆಲ ಡೊಂಕು ಎನ್ನುವ ಪೈಕಿ ನಾನಲ್ಲ. ಅಲ್ಲೇ ಕುಳಿತು ತಿದ್ದಿದೆ. ಮೊದಲು ದೇಶ ಕೇಳಬೇಕು, ಆಮೇಲೆ ಆ ದೇಶದ ರೀತಿ. ಅಂಕಿಯ ನಡುವೆ ಅಕ್ಷರ ಬರುವ ಕಡೆ ಅಕ್ಷರ, ಕೋಡೇ ಇಲ್ಲದ ಕಡೆ ಖಾಲಿ. ಎರಡು ತಾಸು ಹಿಡಿಯಿತು. ಲಕ್ಷ್ಮೇಶ್ವರದಾಕೆ ಗಂಟನ್ನು ತೊಡೆಯಿಂದ ಇಳಿಸದೆ ಬೆಂಚಿನ ಮೇಲೆ ಕೂತಿದ್ದರು.

"ಈ ಸಲ ಹೋಗತೈತೇನ್ರಿ ಸಾಹೇಬ್ರ?"

"ಹೋಗತೈತ್ರಿ ಅಮ್ಮಾ. ನಾ ಹೇಳ್ತೇನಲ್ಲ."

ಹೋಯಿತು. ಆಮೇಲೆ ಆ ಪ್ರೋಗ್ರಾಂ ಒಂದು ಪಾರ್ಸೆಲ್ಲನ್ನೂ ದಾರಿ ತಪ್ಪಿಸಲಿಲ್ಲ ಎಂದು ಈಗಲೂ ಎದೆ ತಟ್ಟಿ ಹೇಳುತ್ತೇನೆ.

ಹದಿನೈದು ದಿನ ಬಿಟ್ಟು ಆಕೆ ಮತ್ತೆ ಬಂದಿದ್ದರು, ಕೌದಿ ಮುಟ್ಟಿತು ಎಂದು ಹೇಳಲು. ತೊಟ್ಟಿಲಿನ ದಿನಕ್ಕೆ ಸಿಕ್ಕಿತೇ ಎಂದು ಕೇಳಿದೆ.

"ಎರಡು ದಿನ ತಡ ಆತ್ರಿ. ಕೂಸಿಗೇನ್ ತಿಳೀತೈತಿ, ಅದು ಮಲಗಿತು. ತೊಟ್ಟಿಲ ದಿನ ನನ್ನ ಮಗಳು, ತನ್ನ ಮದುವಿಗೆ ನಾ ಉಡಿಸಿದ್ದ ಸೀರಿ ಮಡಚಿ ಹಾಸಿದ್ಲಂತ, ತವರಿಂದು ಏನಾರ ಒಂದು ಕೂಸಿನ ಕೆಳಗ ಇರ್ಲಿ ಅಂತ."