ಸಣ್ಣ ಮಾವನ ಎಲೆ

ನನ್ನ ಅಮ್ಮ ಯಾರಿಗಾದರೂ ಶಾಪ ಹಾಕಿದ್ದನ್ನು ಆ ಧಾರಾವಾಹಿ ಶುರುವಾಗುವವರೆಗೆ ನಾನು ಕೇಳಿರಲಿಲ್ಲ. ಹಾಲಿನವನು ನೀರು ಬೆರೆಸಿದರೂ, ಸೊಸೈಟಿಯವರು ಟ್ಯಾಂಕರ್ ತರಿಸದಿದ್ದರೂ "ಇರಲಿ ಬಿಡು" ಎನ್ನುವವಳು. ಅಂಥವಳು ಸಂಜೆ ದೇವರಿಗೆ ದೀಪ ಹಚ್ಚಿ ಬಂದು, ಟಿವಿಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತು, ಮೈತುಂಬ ಒಡವೆ ಹೇರಿಕೊಂಡು ಬರುವ ಅರಸುಮನೆಯ ಒಬ್ಬ ಹೆಂಗಸಿಗೆ "ನಿನ್ನ ನಾಲಿಗೆಗೆ ಹುಳ ಬೀಳಲಿ" ಎನ್ನತೊಡಗಿದಳು. ಮೊದಮೊದಲು ನನಗೆ ನಗು ಬರುತ್ತಿತ್ತು.

ಕತೆ ಹಳೆಯ ಕಾಲದ್ದು. ಕಡಲ ದಂಡೆಯ ಒಂದು ಸಣ್ಣ ರಾಜ್ಯ. ಅಲ್ಲಿಯ ಎಳೆಯ ಅರಸ ಯುದ್ಧಕ್ಕೆಂದು ಹಡಗು ಹತ್ತಿ ಹೋದವನು ತಿರುಗಿ ಬರಲಿಲ್ಲ. ಹೆಣವೂ ಸಿಗಲಿಲ್ಲ. ವರ್ಷಗಳು ಕಳೆದ ಮೇಲೆ ಅವನ ಅಕ್ಕ ತುಂಬಿದ ಸಭೆಯಲ್ಲಿ "ನನ್ನ ತಮ್ಮ ಇನ್ನಿಲ್ಲ" ಎಂದು ಹೇಳಿ, ಅವನ ಹೆಸರಿನಲ್ಲಿ ಎಳ್ಳುನೀರು ಬಿಡಿಸಿ, ತನ್ನ ಮಗನಿಗೆ ಪಟ್ಟ ಕಟ್ಟಿಸಿದಳು. ಅವಳು ರಾಜ್ಯವನ್ನು ಉಳಿಸಿದಳೋ, ಮಗನಿಗಾಗಿ ತಮ್ಮನನ್ನು ಬಾಯಿಮಾತಿನಲ್ಲೇ ಕೊಂದಳೋ ಎಂಬುದು ಡೊಂಬಿವಲಿಯ ನಮ್ಮ ಹಾಲ್‌ನಲ್ಲಿ ದಿನವೂ ನಡೆಯುತ್ತಿದ್ದ ಚರ್ಚೆ.

ಚರ್ಚೆಗೆ ಕೆಳಗಿನ ಮಹಡಿಯ ವಿಜಯಪುರದ ಹೆಂಗಸು ಬರುತ್ತಿದ್ದಳು. ಅವರ ಮನೆಯ ಟಿವಿ ಗಂಡನ ಕ್ರಿಕೆಟ್‌ಗೆ ಮೀಸಲು. ಬರುವಾಗ ಮಡಿಲಲ್ಲಿ ಬಿಡಿಸಬೇಕಾದ ಬಟಾಣಿಯೋ ಮೆಂತ್ಯಸೊಪ್ಪೋ ಇದ್ದೇ ಇರುತ್ತಿತ್ತು. ಇನ್ನೊಬ್ಬರು ನನ್ನ ದೊಡ್ಡ ಮಾವ, ಅಮ್ಮನ ಅಣ್ಣ. ವಿಠ್ಠಲವಾಡಿ ಸ್ಟೇಷನ್ನಿನ ಹತ್ತಿರ ಬಹಳ ವರ್ಷ ಹೋಟೆಲ್ ನಡೆಸಿ, ಈಗ ಗಲ್ಲಾವನ್ನು ಮಗನಿಗೆ ಬಿಟ್ಟು ಮನೆಯಲ್ಲಿದ್ದಾರೆ. ಅವರು ಅಲ್ಲಿ ಅದೇ ಧಾರಾವಾಹಿ ನೋಡುತ್ತಾ ಜಾಹೀರಾತು ಬಂದಾಗೆಲ್ಲ ಫೋನು ಮಾಡುವರು. ಅಮ್ಮನಿಗೆ ಕಿವಿ ಮಂದ, ಸ್ಪೀಕರ್ ಹಾಕಲೇಬೇಕು. ಹಾಗಾಗಿ ಅವರೂ ನಮ್ಮ ನಡುವೆ ಕೂತಂತೆಯೇ.

"ರಾಜ್ಯ ನಡೀಬೇಕಲ್ಲ," ಎಂದು ಮಾವ ಹೇಳುವರು. "ಎಷ್ಟು ವರ್ಷ ಅಂತ ಸಿಂಹಾಸನ ಖಾಲಿ ಇಡುದು? ಅವಳು ಮಾಡಿದ್ದು ಸರಿ ಉಂಟು."

"ಸರಿ ಅಂತೆ, ಸರಿ. ಅವಳ ಮಗನಿಗೆ ಪಟ್ಟ ಸಿಕ್ಕಿತಲ್ಲ, ಅದಕ್ಕೆ ಸರಿ," ಎಂದು ಅಮ್ಮ.

ಒಂದು ದಿನ ವಿಜಯಪುರದವಳು ಬಟಾಣಿ ಬಿಡಿಸುತ್ತಲೇ ತೀರ್ಪು ಕೊಟ್ಟಳು. "ನಾ ಹೇಳ್ತೀನಿ ಕೇಳ್ರಿ ಅಮ್ಮಾರ. ಆಕಿ ಏನ್ ಭಾಳ ಕೆಟ್ಟಾಕಿ ಅಲ್ಲ. ಒಬ್ಬಾಕಿನ ಕುಂತು ಅಳ್ತಾಳ, ನೀವ ನೋಡೀರಲ್ಲ. ಆದ್ರ ಅವಾ ತಿರುಗಿ ಬರ್ತಾನ. ಸೀರಿಯಲ್‌ನ್ಯಾಗ ಹೆಣಾ ತೋರಿಸಿಲ್ಲಂದ್ರ ಸತ್ತಿಲ್ಲಂತ ಲೆಕ್ಕ."

ಧಾರಾವಾಹಿ ನೋಡುವ ಎಲ್ಲರಿಗೂ ಗೊತ್ತಿರುವ ಕಾನೂನು ಇದು. ಆದರೆ ಫೋನಿನ ಆ ಕಡೆಯಿಂದ ಮಾವನ ಟಿವಿಯ ಜಾಹೀರಾತು ಮಾತ್ರ ಕೇಳಿಸಿತು. ಈ ಕಡೆ ಅಮ್ಮ ರಿಮೋಟ್ ಎತ್ತಿ ಸದ್ದು ಜೋರು ಮಾಡಿದಳು. ತಾನೇನು ತಪ್ಪು ಹೇಳಿದೆ ಎಂದು ವಿಜಯಪುರದವಳು ನನ್ನ ಮುಖ ನೋಡಿದಳು. ನಾನು ಚಹಾ ಮಾಡುವ ನೆವದಲ್ಲಿ ಒಳಗೆ ಹೋದೆ.

ಅಮ್ಮನಿಗೆ ಒಬ್ಬ ತಮ್ಮ ಇದ್ದರು. ನನ್ನ ಸಣ್ಣ ಮಾವ. ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೆಲಸ, ವಾಸ ನಮ್ಮ ಜೊತೆಗೆ. ನಾನು ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ ಒಂದು ಬೆಳಿಗ್ಗೆ ಎಂದಿನಂತೆ ಡ್ಯೂಟಿಗೆಂದು ಹೊರಟವರು ಕ್ಯಾಂಟೀನಿಗೂ ಹೋಗಲಿಲ್ಲ, ಮನೆಗೂ ಬರಲಿಲ್ಲ. ಜಗಳವಾಗಿರಲಿಲ್ಲ, ಕುಡಿತವಿರಲಿಲ್ಲ, ಹೆಣ್ಣಿನ ವಿಷಯವೂ ಇರಲಿಲ್ಲ. ಏನಾದರೂ ಒಂದು ಕಾರಣ ಇದ್ದಿದ್ದರೆ ಎಷ್ಟೋ ವಾಸಿಯಿತ್ತು. ದೊಡ್ಡ ಮಾವ ಪೊಲೀಸರ ಹತ್ತಿರ ಹೋದರು, ಆಸ್ಪತ್ರೆಗಳ ಶವಾಗಾರಗಳನ್ನು ನೋಡಿ ಬಂದರು. ಹಾಗೆ ಹೋಗಿಬಂದಾಗೆಲ್ಲ ತುಂಬ ಹೊತ್ತು ಸ್ನಾನ ಮಾಡುತ್ತಿದ್ದರು. ಅಲ್ಲಿ ನೋಡಿದ ಯಾವ ಮುಖವೂ ತಮ್ಮನದಾಗಿರಲಿಲ್ಲ.

ಆಮೇಲೆ ನಮಗೆಲ್ಲ ಮುಖ ನೋಡುವ ಕಾಯಿಲೆ ಹತ್ತಿತು. ಠಾಣೆ ಸ್ಟೇಷನ್ನಿನ ಸೇತುವೆಯ ಮೇಲೆ, ಸಾನಪಾಡಾದಲ್ಲಿ ರಿಕ್ಷಾ ಕಾಯುವ ಸಾಲಿನಲ್ಲಿ, ಪಕ್ಕದ ಹಳಿಯಲ್ಲಿ ಹಾದುಹೋಗುವ ಲೋಕಲ್‌ನ ಬಾಗಿಲಲ್ಲಿ ಜೋತುಬಿದ್ದವರ ನಡುವೆ ಹುಡುಕುವುದು. ಆಗ ನಾನು ಮೂವತ್ತರ ಆಸುಪಾಸಿನ ಗಂಡಸರನ್ನು ನೋಡುತ್ತಿದ್ದೆ. ಈಗ ಎಪ್ಪತ್ತರ ಆಸುಪಾಸಿನವರನ್ನು ನೋಡುತ್ತೇನೆ. ಎಲ್ಲೋ ಇರುವ, ಅಥವಾ ಇಲ್ಲದ, ಒಬ್ಬ ಮನುಷ್ಯನಿಗೆ ನಾವೇ ವಯಸ್ಸು ಏರಿಸುತ್ತಾ ಬಂದಿದ್ದೇವೆ.

ನಮ್ಮ ಕರಾವಳಿಯ ತುಳುವರಲ್ಲಿ ಆಟಿ ತಿಂಗಳಲ್ಲಿ, ಅಂದರೆ ಮಳೆಗಾಲದ ನಡುವೆ, ಸತ್ತವರಿಗೆ ಬಡಿಸುವ ಪದ್ಧತಿ ಇದೆ. ಅವರನ್ನು ಕುಲೆಗಳು ಎನ್ನುತ್ತೇವೆ. ತಲೆಗೊಂದು ಬಾಳೆಎಲೆ, ಅದರಲ್ಲಿ ಅನ್ನ, ಕೋಳಿ ಸಾರು, ಜೊತೆಗೆ ಬದುಕಿದ್ದಾಗ ಅವರು ಇಷ್ಟಪಡುತ್ತಿದ್ದ ಒಂದು ತಿಂಡಿ. ಊರಿನ ಮನೆ ಪಾಲಾದ ಮೇಲೆ ಇದು ಡೊಂಬಿವಲಿಯ ನಮ್ಮ ಫ್ಲ್ಯಾಟಿನಲ್ಲೇ ನಡೆಯುತ್ತದೆ. ಎಲೆ ಹಾಕುವವಳು ಅಮ್ಮ, ಏಕೆಂದರೆ ನಮ್ಮ ಕುಟುಂಬದಲ್ಲಿ ಅದು ಹೆಣ್ಣುಮಗಳ ಕೆಲಸ.

ಸಣ್ಣ ಮಾವ ಹೋಗಿ ಎಷ್ಟೋ ವರ್ಷಗಳಾದ ಮೇಲೆ ದೊಡ್ಡ ಮಾವನ ಮಗಳಿಗೆ ಬಂದ ಸಂಬಂಧಗಳೆಲ್ಲ ತಪ್ಪಿಹೋಗತೊಡಗಿದವು. ಮಾವ ಊರಿಗೆ ಹೋಗಿ ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸಿದರು. ಕವಡೆ ಹಾಕಿದವರು, ಕುಟುಂಬದ ಒಂದು ಜೀವ ಹಸಿದು ನಿಂತಿದೆ, ಅದಕ್ಕೆ ಎಲೆ ಹಾಕಿಲ್ಲ ಎಂದರು. ಯಾರೆಂದು ಕೇಳುವ ಅಗತ್ಯವಿರಲಿಲ್ಲ. ಆ ಆಟಿಯಲ್ಲಿ ಅಮ್ಮ ತನ್ನ ತಮ್ಮನಿಗೆ ಎಲೆ ಹಾಕಿದಳು. ಅವರಿಗೆ ಪ್ರಾಣವಾಗಿದ್ದ ವಡಾಪಾವನ್ನು ಸ್ಟೇಷನ್ನಿನ ಹತ್ತಿರದಿಂದ ತರಿಸಿ ಅನ್ನದ ಪಕ್ಕದಲ್ಲಿಟ್ಟಳು. ಮುಂದಿನ ವರ್ಷ ಮಾವನ ಮಗಳ ಮದುವೆಯಾಯಿತು. ಅಂದಿನಿಂದ ಪ್ರತಿ ಆಟಿಯಲ್ಲೂ ಅಜ್ಜ ಅಜ್ಜಿಯರ ಸಾಲಿನ ಕೊನೆಯಲ್ಲಿ ವಡಾಪಾವ್ ಇಟ್ಟ ಒಂದು ಎಲೆ ಇರುತ್ತಿತ್ತು.

ಅರಸುಮನೆಯ ಅಕ್ಕನನ್ನು ಅಮ್ಮ ಯಾಕೆ ಬೈಯುತ್ತಿದ್ದಳು, ಮಾವ ಯಾಕೆ ಅವಳ ವಕಾಲತ್ತು ವಹಿಸುತ್ತಿದ್ದರು ಎಂಬುದು ನನಗೆ ತಿಳಿಯುವ ಹೊತ್ತಿಗೆ ನಗು ನಿಂತುಹೋಗಿತ್ತು. ವಿಜಯಪುರದವಳ ಕಾನೂನು ಅಮ್ಮನ ತಲೆ ಹೊಕ್ಕಿತ್ತು. ಒಂದು ಸಂಜೆ ಜಾಹೀರಾತಿನ ನಡುವೆ ಫೋನಿನಲ್ಲಿ ಕೇಳಿಯೇಬಿಟ್ಟಳು. "ಅಣ್ಣ, ಹೆಣ ನೀನು ನೋಡಿದ್ದೀಯಾ?"

"ಯಾರದ್ದು?"

"ಯಾರದ್ದಾದ್ರೂ."

ಮಾವ, "ಟಿವಿ ನೋಡುದಾದ್ರೆ ಟಿವಿ ನೋಡು ಮಾರಾಯ್ತಿ," ಎಂದು ಫೋನ್ ಇಟ್ಟರು. ಪಕ್ಕದಲ್ಲಿದ್ದ ನನ್ನ ಮಗಳು ಮೊಬೈಲಿನಿಂದ ತಲೆ ಎತ್ತದೆ "ಅಜ್ಜೀ, ಸಿರ್ಫ್ ಸೀರಿಯಲ್ ಹೈ" ಎಂದಳು.

ಮರುದಿನ ಮಧ್ಯಾಹ್ನ ಒಗೆದ ಬಟ್ಟೆ ಮಡಚುತ್ತಾ ನನ್ನನ್ನು ಕೇಳಿದಳು. "ಬದುಕಿದ್ದವನಿಗೆ ಎಲೆ ಹಾಕಿದ್ರೆ ಅವನಿಗೆ ಎಂತ ಆಗ್ತದೆ?"

ನನಗೇನು ಗೊತ್ತು. "ಏನೂ ಆಗುದಿಲ್ಲ ಅಮ್ಮ," ಎಂದೆ.

"ಎಷ್ಟು ಉಂಡ್ರೂ ಹೊಟ್ಟೆ ತುಂಬುದಿಲ್ಲವೋ ಏನೋ. ಅವನ ಪಾಲಿನ ಅನ್ನ ಇಲ್ಲಿ ಕುಲೆಗಳ ಸಾಲಲ್ಲಿ ಇಟ್ಟಾಯ್ತಲ್ಲ." ಒಂದು ಸೀರೆಯನ್ನು ಎರಡು ಸಲ ಬಿಚ್ಚಿ ಮಡಚಿದಳು. "ಹಾಕದಿದ್ರೆ, ಅವನು ಹೋಗಿದ್ರೆ, ಹಸಿದು ಇಲ್ಲೇ ನಿಲ್ತಾನೆ. ಹೇಗೆ ಮಾಡಿದ್ರೂ ನಾನೇ ಅವನನ್ನು ಉಪವಾಸ ಹಾಕಿದ ಹಾಗೆ."

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಭೂತಪ್ರೇತಗಳ ಮಾತು ಬಂದರೆ ನನಗೆ ಸಿಟ್ಟು ಬರುತ್ತದೆ. ಆದರೂ ಆ ವಾರವೆಲ್ಲ ಸಾರಿಗೆ ಒಗ್ಗರಣೆ ಹಾಕುವಾಗ ಬೆನ್ನ ಹಿಂದೆ ಯಾರೋ ತಟ್ಟೆ ಹಿಡಿದು ನಿಂತಿದ್ದಾರೆ ಅನ್ನಿಸಿ ಹಿಂತಿರುಗಿ ನೋಡಿದ್ದುಂಟು. ಹಾಡಹಗಲಲ್ಲಿ, ಕುಕ್ಕರ್ ಕೂಗುತ್ತಿರುವಾಗ. ನನಗೆ ಹೆದರಿಕೆಯಾಗುತ್ತಿತ್ತು. ಸತ್ತವರಿಗಾದರೆ ಏನಾದರೂ ಮಾಡಿ ಕೈಮುಗಿದು ಕಳಿಸಬಹುದು. ಇವರನ್ನು ಕಳಿಸುವುದಾದರೂ ಎಲ್ಲಿಗೆ?

ಆಟಿ ಶುರುವಾಗುವ ಮೊದಲೇ ಧಾರಾವಾಹಿ ಮುಗಿಯಿತು. ಕೊನೆಯ ಕಂತಿನಲ್ಲಿ ಅರಸ ಬಂದೇಬಂದ. ಗಡ್ಡ ಬಿಟ್ಟು, ಹರಿದ ಕಾವಿ ಉಟ್ಟು. ಅಂದು ಅವನದೇ ಶ್ರಾದ್ಧ. ಅರಮನೆಯ ಅಂಗಳದಲ್ಲಿ ಬಡವರಿಗೆ ಅನ್ನ ಹಾಕುತ್ತಿದ್ದರು. ಅವನು ಪಂಕ್ತಿಯಲ್ಲಿ ಕೂತ. ಅಕ್ಕ ತಾನೇ ಬಡಿಸುತ್ತಾ ಬಂದಳು, ಅವನ ಎಲೆಗೂ ಬಡಿಸಿದಳು, ತಲೆ ಎತ್ತದೆ ಮುಂದಕ್ಕೆ ಹೋದಳು. ಅವನು ಉಂಡು ಎದ್ದು ಹೋದ. ಅಲ್ಲಿಗೆ ಮುಗಿಯಿತು.

"ಹಿಂಗೂ ಮುಗಸ್ತಾರೇನ್ರಿ," ಎಂದು ವಿಜಯಪುರದವಳು ಮೆಂತ್ಯಸೊಪ್ಪಿನ ಕಡ್ಡಿಗಳನ್ನು ಕೋಪದಿಂದ ಒಟ್ಟುಗೂಡಿಸಿದಳು. "ಆಕಿಗೆ ಶಿಕ್ಷಾನೂ ಆಗ್ಲಿಲ್ಲ, ಅವನಿಗೆ ರಾಜ್ಯಾನೂ ಸಿಗ್ಲಿಲ್ಲ."

ಅಮ್ಮ ಬೈಯಲಿಲ್ಲ. ಮುಂದಿನ ಕಾರ್ಯಕ್ರಮ ಶುರುವಾಗಿ ಯಾರೋ ಕುಣಿಯತೊಡಗಿದ ಮೇಲೆ, "ಅವಳು ಒಂದು ಸಲ ತಲೆ ಎತ್ತಿ ನೋಡ್ಬಹುದಿತ್ತು," ಎಂದಳು. ಆ ದಿನ ವಿಠ್ಠಲವಾಡಿಯಿಂದ ಫೋನು ಬರಲಿಲ್ಲ.

ಆಟಿಯಲ್ಲಿ ಬಡಿಸುವ ದಿನ ದೊಡ್ಡ ಮಾವ ಸಂಜೆಗೆ ಮುಂಚೆಯೇ ಬಂದರು. ಅಮ್ಮ ಹಾಲ್‌ನಲ್ಲಿ ಎಲೆಗಳನ್ನು ಹಾಕಿ ಮುಗಿಸಿದ್ದಳು. ಮಾವ ಕೋಲೂರಿಕೊಂಡು ನಿಂತು ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ಒಂದು ಎಲೆ ಕಮ್ಮಿ ಉಂಟು."

"ಗೊತ್ತುಂಟು," ಎಂದಳು ಅಮ್ಮ.

"ಅವನು ಹಸಿದ್ರೆ?"

"ಹಸಿದ್ರೆ ಬಂದು ಬೆಲ್ ಮಾಡ್ಲಿ. ನಾನು ಅವನ ಅಕ್ಕ, ಬಡಿಸ್ತೇನೆ."

ಮಾವ ಕೋಲನ್ನು ನೆಲಕ್ಕೆ ಕುಟ್ಟಿದರು. "ನನ್ನ ಮಗಳ ಮದುವೆಗೋಸ್ಕರ ನಾನು ಅವನನ್ನು ಕೊಂದೆ ಅಂತ ನೀನು ಹೇಳುದಾ?"

"ಎಲೆ ಹಾಕಿದ್ದು ನಾನಲ್ವಾ, ಅಣ್ಣ."

ಅಮ್ಮ ಬಡಿಸಿದಳು. ನಾನು ಹಿಂದಿನಿಂದ ಸಾರಿನ ಪಾತ್ರೆ ಹಿಡಿದುಕೊಂಡು ಹೋದೆ. ಅಜ್ಜಿಯ ಎಲೆಯ ಪಕ್ಕದ ಖಾಲಿ ನೆಲದ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ.

ಬಡಿಸಿ ಆದ ಮೇಲೆ ಮನೆಯವರೆಲ್ಲ ಹೊರಗೆ ಹೋಗಿ ಬಾಗಿಲು ಮುಚ್ಚಬೇಕು. ಕುಲೆಗಳು ಸಂಕೋಚವಿಲ್ಲದೆ ಉಣ್ಣಲಿ ಎಂದು. ಊರಿನಲ್ಲಾದರೆ ಅಂಗಳದಲ್ಲಿ ನಿಲ್ಲುತ್ತಿದ್ದರು. ಇಲ್ಲಿ ನಾವು ಪ್ಯಾಸೇಜಿನಲ್ಲಿ, ಚಪ್ಪಲಿ ಸ್ಟ್ಯಾಂಡಿನ ಪಕ್ಕದಲ್ಲಿ ಒತ್ತಿಕೊಂಡು ನಿಲ್ಲುತ್ತೇವೆ. ಎದುರು ಮನೆಯ ಮರಾಠಿ ಅಜ್ಜಿ ಪ್ರತಿ ವರ್ಷದಂತೆ ಇಣುಕಿ ನೋಡಿ, ಚಾವಿ ಒಳಗೇ ಉಳಿಯಿತೇ ಎಂದು ಕೇಳಿದರು. ಮಗಳು ಮರಾಠಿಯಲ್ಲಿ ಏನೋ ಹೇಳಿ ಕಳಿಸಿದಳು.

ಪ್ಯಾಸೇಜಿನಲ್ಲಿ ಎಲ್ಲರೂ ಮುಚ್ಚಿದ ಬಾಗಿಲಿನ ಕಡೆಗೆ ಮುಖ ಮಾಡಿ ಕೈಮುಗಿದು ನಿಲ್ಲುವುದು ರೂಢಿ. ಅಮ್ಮ ಮಾತ್ರ ಬಾಗಿಲಿಗೆ ಬೆನ್ನು ಹಾಕಿ ಲಿಫ್ಟಿನ ಕಡೆ ನೋಡುತ್ತಾ ನಿಂತಿದ್ದಳು. ಸಾಕಷ್ಟು ಹೊತ್ತಾದ ಮೇಲೆ ಮನೆಯ ಹಿರಿಯರು ಒಮ್ಮೆ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗಬೇಕು. ಮಾವ ಕೆಮ್ಮಿದರು. ಬಾಗಿಲು ತಟ್ಟಲು ಎತ್ತಿದ ಕೈಯನ್ನು ಹಾಗೇ ಹಿಡಿದು ಅಮ್ಮನ ಕಡೆ ತಿರುಗಿದರು. ಆಮೇಲೆ ಅವಳು ನೋಡುತ್ತಿದ್ದ ಕಡೆಗೇ ನೋಡಿದರು. ಕೈ ಕೆಳಗಿಳಿಸಿದರು.

"ಸ್ವಲ್ಪ ನಿಲ್ಲುವ," ಎಂದರು. "ಲಿಫ್ಟ್ ಮೇಲೆ ಬರ್ತಾ ಉಂಟು."