ಬೆನ್ನಿಗೊಂದು ತಗಡು, ತಗಡಿಗೊಂದು ಟ್ಯೂಬು

ಬೆನ್ನು ನಮ್ಮದೇ ಆದರೂ ನಮ್ಮ ಕಣ್ಣಿಗೆ ಬೀಳದ ಆಸ್ತಿ. ಮುಖಕ್ಕೆ ಕನ್ನಡಿಯಿದೆ, ಹೊಟ್ಟೆಯ ಅಭಿವೃದ್ಧಿಯ ವರದಿ ತಲೆ ಬಗ್ಗಿಸಿದರೆ ಸಿಗುತ್ತದೆ, ಬೆನ್ನಿನ ಯೋಗಕ್ಷೇಮವನ್ನು ಮಾತ್ರ ದರ್ಜಿಯೋ ಡಾಕ್ಟರೋ ಹೇಳಿದರೆ ಉಂಟು. ಅಂಥ ಪರೋಕ್ಷವಾದ ಅಂಗಕ್ಕೆ ಏನು ಕಟ್ಟಿದರೆ ಚೆನ್ನ ಎಂದು ನಾನು ಇಡೀ ಒಂದು ಬೇಸಿಗೆ ತಲೆ ಕೆಡಿಸಿಕೊಂಡಿದ್ದೆನೆಂದರೆ ನೀವು ನಗಬಹುದು. ಸಂಕೋಚವಿಲ್ಲದೆ ನಗಿ, ಆಗಲೂ ಬಹಳ ಜನ ನಕ್ಕಿದ್ದರು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮಧುಗಿರಿಯ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಸ್ವಭಾವ ನನ್ನದು. ಪಾಠ ಹೇಳುವಾಗ ಕಪ್ಪುಹಲಗೆಯ ಈ ತುದಿಯಿಂದ ಆ ತುದಿಗೆ ನಡೆದೂ ನಡೆದೂ ಮಕ್ಕಳ ಕುತ್ತಿಗೆ ನೋಯಿಸುತ್ತಿದ್ದೆ. ಶಾಲೆಯ ಕಸ ಗುಡಿಸಿ ನೀರು ತುಂಬುತ್ತಿದ್ದ ಸಣ್ಣೀರಮ್ಮ ಒಂದು ದಿನ ಬಾಗಿಲಲ್ಲೇ ನಿಂತು, ವಸ್ತುಗಳು ಏಕೆ ತೇಲುತ್ತವೆ, ಏಕೆ ಮುಳುಗುತ್ತವೆ ಎಂಬ ನನ್ನ ಪಾಠವನ್ನು ಕಡೆಯವರೆಗೂ ಕೇಳಿದಳು. ತರಗತಿ ಖಾಲಿಯಾದ ಮೇಲೆ ಒಳಗೆ ಬಂದು, "ಸಾ, ನಮ್ಮೆಜಮಾನ್ರು ಮುಳುಗ್ದಂಗೆ ಏನಾರ ಮಾಡ್ಕೊಡಿ" ಎಂದಳು.

ಅವಳ ಗಂಡ ಕೆಂಚಪ್ಪನ ಕಸುಬೇ ಮುಳುಗುವುದು. ಮಧುಗಿರಿಯಿಂದ ಪಾವಗಡದವರೆಗೆ ಯಾರ ಬಾವಿಯಲ್ಲಿ ಪಂಪಿನ ಕೊಳವೆಯ ತಳದ ಫುಟ್‌ವಾಲ್ವ್ ಕೆಸರು ಕಚ್ಚಿದರೂ, ಯಾರ ಕೊಡ ತಳ ಸೇರಿದರೂ ಅವನಿಗೇ ಕರೆ. ಎದೆಗೊಂದು ಕಲ್ಲು ಅವಚಿಕೊಂಡು ಇಳಿದು, ಕಲ್ಲು ಬಿಟ್ಟು, ಕೆಲಸ ಮುಗಿಸಿ ಮೇಲೇಳುವುದು ಅವನ ಕ್ರಮ. ಹೋದ ತಿಂಗಳು ನೀರಿನಡಿಯಲ್ಲಿ ಮೀನಖಂಡ ಹಿಡಿದುಕೊಂಡು, ಹೇಗೋ ಹಗ್ಗಕ್ಕೆ ಕೈ ಸಿಕ್ಕಿ ಬದುಕಿ ಬಂದಿದ್ದ. ಬೇರೆ ಕೆಲಸ ನೋಡು ಎಂದರೆ ಕೇಳುವುದಿಲ್ಲವಂತೆ. ಮುಳುಗಲೇಬೇಕಾದವನು ಮುಳುಗಬಾರದು: ನನ್ನಂಥ ಚಡಪಡಿಕೆಯವನಿಗೆ ಇಂಥದೊಂದು ಸಮಸ್ಯೆ ಸಿಕ್ಕಿದ್ದು ಒಣಹುಲ್ಲಿಗೆ ಕಿಡಿ ಬಿದ್ದಂತಾಯಿತು.

ಮೊದಲು ಕತ್ತಾಳೆಯ ಬೆಂಡು ಕಟ್ಟಿ ನೋಡಿದೆವು. ಕೆಂಚಪ್ಪ ನೀರಿನ ಮೇಲೆ ತಾವರೆಯೆಲೆಯ ಹಾಗೆ ವಿರಾಜಮಾನನಾದನೇ ಹೊರತು ಕೆಳಗಿಳಿಯಲಿಲ್ಲ. ಸೋರೆಬುರುಡೆಯದೂ ಅದೇ ಕಥೆ. ಸದಾ ತೇಲುವುದು ಬೇಡ, ಬೇಕೆಂದಾಗ ತೇಲಿಸುವುದು ಬೇಕು ಎಂದು ಹೊಳೆದದ್ದೇ ತಡ, ಭಾನುವಾರದ ಮೊದಲ ಬಸ್ಸಿಗೆ ಶಿರಾಕ್ಕೆ ಹೊರಟೆ. ಹೆದ್ದಾರಿಯ ಮಗ್ಗುಲಲ್ಲಿ ಪಂಕ್ಚರ್ ಅಂಗಡಿಯಿಟ್ಟಿದ್ದ ಕಾಸಿಂ ಸಾಹೇಬರು ನಾನು ಆರಿಸಿದ ಲಾರಿ ಟ್ಯೂಬನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡರು. "ಮಾಸ್ಟರ್ ಸಾಬ್, ಇದು ಲಾರಿ ಹೊರೋದು. ಆದ್ಮೀನ ಎತ್ತಿ ಬಿಸಾಕ್ತದೆ" ಎಂದರು. ಎರಡು ಸೈಕಲ್ ಟ್ಯೂಬು ಸಾಕು, ಆದರೆ ಅವು ಮೈಮೇಲೆ ಜಾರದಂತೆ ಕೂರಲು ಗಟ್ಟಿಯಾದದ್ದೇನಾದರೂ ಬೇಕು ಎಂಬುದೂ ಅವರದೇ ಉಪದೇಶ.

ಮರದ ಹಲಗೆ ತಾನೇ ತೇಲುತ್ತದೆ. ಕಬ್ಬಿಣದ ತಗಡಾದರೆ ಎದೆಗವಚುವ ಕಲ್ಲಿನ ಕೆಲಸವನ್ನೂ ಮಾಡುತ್ತದೆ, ಎರಡು ಕೈಯೂ ಬಿಡುವಾಗುತ್ತವೆ. ಕೊರಟಗೆರೆಯ ಕಮ್ಮಾರನೊಬ್ಬ ನನ್ನನ್ನು ಕುಲುಮೆಯ ಮುಂದೆ ಅಂಗಿ ಬಿಚ್ಚಿಸಿ ನಿಲ್ಲಿಸಿ, ಬೆನ್ನುಹುರಿಯ ಹಳ್ಳಕ್ಕೆ ಹೊಂದುವಂತೆ ತಗಡನ್ನು ನಡುವೆ ಮಡಿಸಿದ. ಮಂಚದ ನವಾರು ಪಟ್ಟಿಗಳು ಹೆಗಲಿಗೆರಡು, ಸೊಂಟಕ್ಕೊಂದು. ತಗಡು ಕತ್ತಿನ ಕಡೆ ಜಾರದಂತೆ ಕಾಲಸಂದಿಯಲ್ಲೊಂದು. ತಗಡಿಗೆ ಬಿಗಿದ ಟ್ಯೂಬುಗಳಿಂದ ಹೊರಟ ರಬ್ಬರ್ ಕೊಳವೆ ಬಾಯಿಗೆ. ಅಪಾಯ ಬಂದರೆ ಊದಿಕೊಳ್ಳುವುದು. ಈ ವೇಷದಲ್ಲಿ ನಾನು ಮನೆಯೊಳಗೆ ಓಡಾಡುವಾಗ ಮುಂದಿನಿಂದ ಕುದುರೆ, ಹಿಂದಿನಿಂದ ಗಾಡಿ.

ತೋವಿನಕೆರೆಯ ಹತ್ತಿರದ ಒಂದು ಮೆಟ್ಟಿಲು ಬಾವಿಯಲ್ಲಿ ಪರೀಕ್ಷೆ ಎಂದಾಯಿತು. ಕೆಂಚಪ್ಪ ಅದನ್ನು ತಿರುವಿ ತಿರುವಿ ನೋಡಿ, ಮೊದಲು ಮೇಷ್ಟ್ರು ತೊಟ್ಟು ತೋರಿಸಲಿ ಎಂದ. ನನಗೆ ಈಜು ಬಾರದು. ಅದನ್ನು ಹೇಳಲು ವಿದ್ಯಾಭಿಮಾನ ಬಿಡಲಿಲ್ಲ. ಟ್ಯೂಬು ಊದಿಕೊಂಡೇ ನೀರಿಗಿಳಿದೆ. ನಾನು ಗಳಿಗೆಗಟ್ಟಲೆ ಲೆಕ್ಕ ಹಾಕಿ ಕಟ್ಟಿದ ಗಾಳಿ ನನ್ನ ಬೆನ್ನನ್ನು ಮೇಲಕ್ಕೆತ್ತಿತು. ಬೆನ್ನು ಮೇಲಾದರೆ ಮುಖ ಎಲ್ಲಿರುತ್ತದೆಂಬ ಲೆಕ್ಕವನ್ನು ಮಾತ್ರ ನಾನು ಹಾಕಿರಲಿಲ್ಲ. ಕೊಳವೆ ಬಾಯಿಂದ ಜಾರಿತು, ನೀರು ಮೂಗಿಗೇರಿತು. ಕೆಂಚಪ್ಪ ಹಾರಿ, ತಗಡನ್ನೇ ಹಿಡಿದು ನನ್ನನ್ನು ಮೆಟ್ಟಿಲಿಗೆ ಎಳೆದುಹಾಕಿದ.

ನಾನು ಕೆಮ್ಮಿ ಮುಗಿಸುವಷ್ಟರಲ್ಲಿ ಅವನು ನನ್ನ ಪಟ್ಟಿಗಳನ್ನೆಲ್ಲ ಬಿಚ್ಚಿದ. ಆಮೇಲೆ ಪಕ್ಕದಲ್ಲಿ ಕೂತು, ನೀರು ನೋಡುತ್ತ ಹೇಳಿದ: "ಈಜು ಬರಾಕಿಲ್ಲ ಅಂತ ನೀವು ಹೇಳ್ಲಿಲ್ಲ. ನಾನೂ ಒಂದು ಯಾರ್ಗೂ ಹೇಳಿಲ್ಲ ಸಾ. ಮೀನಖಂಡ ಹಿಡ್ಕೊಂಡ ಅವತ್ತಿಂದ ಬಾವಿ ದಡದಾಗೆ ನಿಂತ್ರೆ ಕಾಲು ನಡುಗ್ತವೆ."

ಇಬ್ಬರ ಗುಟ್ಟೂ ಒಂದೇ ಮೆಟ್ಟಿಲ ಮೇಲೆ ಬಯಲಾದದ್ದರಿಂದ ಒಪ್ಪಂದ ಸುಲಭವಾಯಿತು. ಸಂಜೆ ಸಂಜೆ ಅವನು ನನಗೆ ಈಜು ಕಲಿಸುವುದು, ಮುಖ ಮೇಲಾದೀತೇ ಎಂದು ನಾನು ಟ್ಯೂಬನ್ನು ಹೆಗಲಿಂದ ಸೊಂಟದ ಕಡೆಗೆ ಇಳಿಸಿ ನೋಡುವುದು. ಅಷ್ಟರಲ್ಲಿ ಒಂದು ಮಧ್ಯಾಹ್ನ, ಪಾಠದ ನಡುವೆಯೇ, ಸೀಮೆಸುಣ್ಣ ಕೈಯಲ್ಲಿ ಹಿಡಿದು ನಾನು ಕಲ್ಲಾಗಿ ನಿಂತೆ. ನೀರಿನಡಿಯಲ್ಲಿ ಎದೆಯೊಳಗಿನ ಗಾಳಿಯನ್ನೇ ಟ್ಯೂಬಿಗೆ ಊದಿದರೆ ಮನುಷ್ಯ ಎಳ್ಳಷ್ಟೂ ಹೆಚ್ಚು ತೇಲುವುದಿಲ್ಲ. ಒಳಗಿದ್ದದ್ದು ಹೊರಗೆ ಬಂತು, ಅಷ್ಟೆ. ಜೇಬು ಬದಲಾಯಿಸಿದರೆ ಸಿರಿವಂತಿಕೆ ಹೆಚ್ಚೀತೇ? ನೀರಿನಡಿಯಲ್ಲಿರುವವನಿಗೆ ಗಾಳಿ ಮೇಲಿನಿಂದಲೇ ಬರಬೇಕು. ಎಂದರೆ ಮೇಲೊಬ್ಬ ಇರಲೇಬೇಕು. ಉದ್ದನೆಯ ಕೊಳವೆ, ದಡದಲ್ಲಿ ಸೈಕಲ್ ಪಂಪು, ಪಂಪಿಗೆ ನಾನು, ನಡುವೆ ಸಂಜ್ಞೆಗೊಂದು ಹಗ್ಗ. ಅವನು ಎರಡು ಸಲ ಎಳೆದರೆ ನಾನು ಗಾಳಿ ಹೊಡೆಯಬೇಕು.

ಮೊದಲ ನಿಜವಾದ ಕೆಲಸ ಪಾವಗಡದ ಕಡೆ, ಕ್ಯಾತಗಾನಚೆರ್ಲಿನ ಒಂದು ತೋಟದ ಬಾವಿಯಲ್ಲಿ ಕೆಸರು ಕಚ್ಚಿದ ವಾಲ್ವ್ ಬಿಡಿಸುವುದು. ಕೆಂಚಪ್ಪ ಉಸಿರೆಳೆದು ಇಳಿದ. ನೀರು ಮುಚ್ಚಿಕೊಂಡಿತು. ಹಗ್ಗ ಅಲ್ಲಾಡಲಿಲ್ಲ, ಅಲ್ಲಾಡದಿರುವುದೇ ಕ್ಷೇಮವೆಂದು ಗೊತ್ತಿದ್ದೂ ನನ್ನ ಕೈ ತಾಳಲಿಲ್ಲ. ನಾನು ಪಂಪು ಒತ್ತಿದೆ. ಕೆಲಸ ಅರ್ಧಕ್ಕೆ ಬಿಟ್ಟು ಬುಡುಂಗನೆ ಮೇಲೆದ್ದ ಕೆಂಚಪ್ಪ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಭಾಷಾಂತರಿಸಲಾರೆ. ಟ್ಯೂಬಿನ ಗಾಳಿ ಬಿಟ್ಟು, "ನಾನು ಕೇಳ್ದಾಗ ಕೊಡಿ ಸಾ" ಎಂದಷ್ಟೇ ಹೇಳಿ ಮತ್ತೆ ಮುಳುಗಿದ.

ಈ ಸಲ ಕೈಗಳ ಮೇಲೆ ಕೂತುಕೊಂಡೆ. ತೋಟದ ಯಜಮಾನ ಏನೋ ಕೇಳಿದ, ನಾನು ಹಗ್ಗದಿಂದ ಕಣ್ಣು ತೆಗೆಯಲಿಲ್ಲ. ಹಗ್ಗ ಒಮ್ಮೆ ಅಲುಗಿತು, ಒಮ್ಮೆ ಮಾತ್ರ. ಎರಡನೆಯದು ಬರುವ ಮುಂಚಿನ ಆ ನಿಮಿಷಾರ್ಧದಷ್ಟು ಉದ್ದದ ಕಾಲವನ್ನು ನಾನು ಮತ್ತೆ ಕಂಡಿಲ್ಲ. ಬಂತು, ಜೋರಾಗಿ. ನಾನು ಎದೆ ಬಿರಿಯುವಂತೆ ಪಂಪು ಹೊಡೆದೆ. ಮೊದಲು ತಗಡು ಕಾಣಿಸಿತು, ಆಮೇಲೆ ಬೆನ್ನು. ಮುಖ ನೀರಿನಲ್ಲೇ ಇತ್ತು, ಕೈಗಳು ಅಲುಗಲಿಲ್ಲ. ಧುಮುಕಿದ್ದು ನೆನಪಿಲ್ಲ. ಅವನ ಗದ್ದ ಹಿಡಿದು ಮಗುಚಿ, ಹದಿನೈದು ದಿನದ ಈಜನ್ನೆಲ್ಲ ಒಟ್ಟುಗೂಡಿಸಿ ಮೆಟ್ಟಿಲು ಮುಟ್ಟಿಸಿದ್ದು ನೆನಪಿದೆ.

ಅವನು ನೀರು ಕಾರಿ ಉಸಿರಾಡಿದ. ಕಲ್ಲಿನಂತಾಗಿದ್ದ ಅವನ ಮೀನಖಂಡವನ್ನು ನಾನು ತಿಕ್ಕುತ್ತಿರುವಾಗಲೇ ಯಜಮಾನ ವಾಲ್ವ್ ಬಿಡಿಸಿದ್ದಾಯಿತೇ ಎಂದು ಕೇಳಿದ. ಕೆಂಚಪ್ಪ ತೋಟದವರೆಲ್ಲರ ಎದುರಿಗೆ, ತಲೆಯೆತ್ತಿಯೇ ಹೇಳಿದ: "ಇಲ್ಲ. ಇವತ್ತು ಇಳಿಯಾಕಿಲ್ಲ. ನಂಗೆ ಭಯ ಆಗೈತೆ."

ಯಜಮಾನ ತನ್ನ ತೆಲುಗು ಬೆರೆತ ಕನ್ನಡದಲ್ಲಿ, "ಪರ್ವಾಲೇದಪ್ಪಾ, ಬಾವಿ ಎಲ್ಲೂ ಓಡೋಗಲ್ಲ. ಮೊದ್ಲು ಉಣ್ಣು ಬಾ" ಎಂದ. ಇಬ್ಬರೂ ಹುಣಸೆಮರದಡಿ ಕೂತು ಮುದ್ದೆ ಉಂಡೆವು. ಒಂದು ಗಂಟೆ ಹೊತ್ತು ನಾನು ಅಲ್ಲಿಂದ ಏಳಲಿಲ್ಲ. ನನ್ನ ಜಾತಕದಲ್ಲಿ ಅದು ದಾಖಲೆ.

ಮನೆಗೆ ಬಂದು ಕೆಂಚಪ್ಪ ಸಣ್ಣೀರಮ್ಮನಿಗೂ ಅದೇ ಮಾತು ಹೇಳಿದನಂತೆ. ಅವಳು ಬಿಸಿನೀರು ಕಾಯಿಸಿ ಕಾಲಿಗೆ ಹಾಕಿ, ಇನ್ನುಮೇಲೆ ಪಂಪು ತನ್ನ ಕೈಲಿರಲಿ ಎಂದಳಂತೆ. ಮುಂದಿನ ನಾಲ್ಕೈದು ವರ್ಷ, ಅವನು ಆಳದ ಬಾವಿಗಳನ್ನು ಬಿಟ್ಟು ಸಣ್ಣವನ್ನಷ್ಟೇ ಒಪ್ಪಿಕೊಳ್ಳುತ್ತಿದ್ದ ಕಾಲದಲ್ಲಿ, ಭಾನುವಾರಗಳಂದು ಗಂಡಹೆಂಡಿರು ಬಸ್ಸು ಹತ್ತಿ ಹೋಗುತ್ತಿದ್ದರು. ಬುತ್ತಿ ಅವಳ ಸೊಂಟದಲ್ಲಿ, ತಗಡು ಅವನ ಹೆಗಲಲ್ಲಿ. ನಾನೂ ಒಮ್ಮೆ ಹೋಗಿ ನೋಡಿದೆ. ಸಣ್ಣೀರಮ್ಮ ಕಡೆಯ ಮೆಟ್ಟಿಲ ಮೇಲೆ ಕೂತು, ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು, ಪಂಪಿನ ಮೇಲೆ ಒಂದು ಕೈಯಿಟ್ಟು ಕಾಯುತ್ತಿದ್ದಳು. ನನ್ನ ಹಾಗೆ ಅವಸರದಲ್ಲಿ ಒತ್ತಲಿಲ್ಲ. ಕೆಂಚಪ್ಪ ಉಸಿರು ಬಿಗಿಹಿಡಿದು ಮುಳುಗಿದಾಗ ಅವಳೂ ಉಸಿರು ಬಿಗಿಹಿಡಿದಳು. ಅವನ ತಲೆ ನೀರಿನ ಮೇಲೆ ಕಂಡಮೇಲೆಯೇ ಬಿಟ್ಟಳು.